‘ಗೊತ್ತಿಲ್ಲ’ ಎಂಬ ಮೂರನೇ ಪೆಟ್ಟಿಗೆ

ಗಿನಿಕೋಳಿ ಮರಿ ಮೊಟ್ಟೆಯೊಡೆದು ಬಂದ ದಿನವೇ, ಅದು ಬೆಳೆದ ಮೇಲೆ ಯಾವ ಬಣ್ಣದ ಗರಿ ತಳೆಯುತ್ತದೆ ಎಂದು ಹೇಳುವ ಕೆಲಸವೊಂದಿದೆ ಎಂದರೆ ಜನ ನಗುತ್ತಾರೆ. ನಗಲಿ. ಅಂಗೈ ಗೆರೆ ನೋಡಿ ಭವಿಷ್ಯ ಹೇಳುವವನ ಮುಂದೆ ಬಾಯಿ ಬಿಟ್ಟುಕೊಂಡು ಕೂರುವ ಜನವೇ ಇವರು. ಅವನು ಎಂದಾದರೂ ‘ನನಗೆ ಗೊತ್ತಿಲ್ಲ’ ಅಂದದ್ದುಂಟೇ? ಬಣ್ಣದಕ್ಕ ಅನ್ನುತ್ತಿದ್ದಳು. ದಿನಕ್ಕೆ ಹತ್ತಾರು ಸಲ ಅನ್ನುತ್ತಿದ್ದಳು. ಅವಳ ಕುತ್ತಿಗೆಗೆ ಬಂದದ್ದೂ ಅದೇ.

ಮರಿ ಮಾಡಿಸಿ ಮಾರುವ ಆ ಹ್ಯಾಚರಿಯಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ಬಾಗಿಲಲ್ಲಿ, ಕಾಲು ಕುಂಟುವ ಒಂದೇ ಸ್ಟೂಲಿನ ಮೇಲೆ ಕೂತವಳು. ಒಳಗೆ ಮರಿಗಳನ್ನು ಬೆಚ್ಚಗಿಡಲು ಹಗಲೂ ಕೆಂಪು ಬಲ್ಬು ಉರಿಯುತ್ತಿದ್ದವು. ಆ ಬೆಳಕಿನಲ್ಲಿ ಎಲ್ಲ ಮರಿಯೂ ಒಂದೇ, ಬೂದೂ ಒಂದೇ, ಕಂದೂ ಒಂದೇ. ಹಾಗಾಗಿ ಅವಳು ಮರಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ತಂದು, ಅದರ ಬೆನ್ನನ್ನು ಹಗಲಿಗೆ ತಿರುಗಿಸಿ, ಉಫ್ ಎಂದು ತುಪ್ಪಳ ಊದಿ ನೋಡುತ್ತಿದ್ದಳು. ಬುಡದವರೆಗೂ ಕಂದು ಇದ್ದರೆ ಅದು ಮುಂದೆ ಕಡು ಬೂದು ಮೈಯ ಮೇಲೆ ಬಿಳಿ ಚುಕ್ಕೆಯ ಮುತ್ತಿನ ಬಣ್ಣದ ಹಕ್ಕಿ. ಬುಡದಲ್ಲಿ ಬೂದು ಇಣುಕಿದರೆ ತಿಳಿನೀಲಿ ಹಕ್ಕಿ. ಇನ್ನು ಕೆಲವು ಮರಿ ಎಷ್ಟು ಊದಿದರೂ ಬಾಯಿ ಬಿಡುವುದಿಲ್ಲ. ಅವಕ್ಕೆಂದೇ ಅವಳ ಪಕ್ಕ ಮೂರನೆಯ ಪೆಟ್ಟಿಗೆ. ಅದರ ಮೇಲೆ ತನ್ನ ಸೊಟ್ಟ ಅಕ್ಷರದಲ್ಲಿ ಅವಳೇ ಬರೆದಿದ್ದಳು: ‘ಗೊತ್ತಿಲ್ಲ’.

ಮಾರಾಟಕ್ಕೆ ಹೋಗುವ ಪ್ರತಿ ಪೆಟ್ಟಿಗೆಯ ಮೇಲೂ ಅವಳ ಸಹಿಯ ಚೀಟಿ ಇರುತ್ತಿತ್ತು. ಕೊಳ್ಳುವವರು ಮಾಲೀಕನ ಮಾತು ನಂಬುತ್ತಿರಲಿಲ್ಲ, ಆ ಚೀಟಿ ನೋಡುತ್ತಿದ್ದರು. ಇಲ್ಲೊಂದು ವಿಷಯ ಮುಚ್ಚಿಡದೆ ಹೇಳಬೇಕು. ಮರಿ ಹಿಡಿದ ಕೈಯೆಲ್ಲ ಹಿಕ್ಕೆ. ಒಂದೊಂದು ಪೆಟ್ಟಿಗೆಗೂ ಎದ್ದು ಕೈ ತೊಳೆದು ಸಹಿ ಹಾಕುವಷ್ಟರಲ್ಲಿ ಬಾಗಿಲ ಗಾಳಿಗೆ ಮರಿ ನಡುಗುತ್ತಿದ್ದವು. ಅದಕ್ಕೆ ಅವಳು ವಾರದ ಮೊದಲ ದಿನವೇ ಶುಭ್ರ ಕೈಯಲ್ಲಿ ನೂರು ಖಾಲಿ ಚೀಟಿಗೆ ಸಹಿ ಹಾಕಿ ಮೇಜಿನ ಡ್ರಾಯರಿನಲ್ಲಿ ಇಟ್ಟುಬಿಡುತ್ತಿದ್ದಳು. ಬಣ್ಣವನ್ನು ಆಮೇಲೆ ಯಾರಾದರೂ ತುಂಬುತ್ತಿದ್ದರು. ಮರಿಯ ವಿಷಯದಲ್ಲಿ ಅಷ್ಟು ಜಾಗರೂಕತೆ, ತನ್ನ ಹೆಸರಿನ ವಿಷಯದಲ್ಲಿ ಇಷ್ಟು ಧಾರಾಳ.

ಹೀಗಿರುವಾಗ ಊರಿನ ದೊಡ್ಡವರ ಕ್ಲಬ್ಬಿನ ಕಾರ್ಯದರ್ಶಿ ಬಂದ. ಕ್ಲಬ್ಬಿಗೆ ಹೊಸ ಕಾಂಪೌಂಡು ಗೋಡೆ ಎದ್ದಿತ್ತು, ಅದಕ್ಕೆ ತಿಳಿನೀಲಿ ಬಣ್ಣ ಬಳಿದಿದ್ದರು. ಮೂರು ತಿಂಗಳಲ್ಲಿ ಉದ್ಘಾಟನೆ. ಅಷ್ಟರಲ್ಲಿ ಹುಲ್ಲಿನ ಮೇಲೆ ಅರವತ್ತು ತಿಳಿನೀಲಿ ಗಿನಿಕೋಳಿ ಓಡಾಡಬೇಕು, ಒಂದೂ ಬೇರೆ ಬಣ್ಣದ್ದಿರಬಾರದು. ಗೋಡೆಗೆ ಹೊಂದುವ ಕೋಳಿ! ಊರಿನ ನಲ್ಲಿಯಲ್ಲಿ ನೀರಿಲ್ಲದಿದ್ದರೆ ತುಟಿ ಬಿಚ್ಚದ ಮಹನೀಯರು ಇದಕ್ಕಾಗಿ ಎರಡು ಸಭೆ ಸೇರಿದ್ದರಂತೆ.

ಆ ವಾರದ ಮರಿಗಳಲ್ಲಿ ಬಣ್ಣದಕ್ಕ ಎದೆ ತಟ್ಟಿ ತಿಳಿನೀಲಿ ಎಂದದ್ದು ಇಪ್ಪತ್ತೆರಡು. ಉಳಿದವು ಒಂದೋ ಮುತ್ತಿನ ಬಣ್ಣದವು, ಇಲ್ಲವೇ ಮೂರನೇ ಪೆಟ್ಟಿಗೆಯವು. ಇನ್ನೆರಡು ವಾರ ಕಾಯಿರಿ, ಅರವತ್ತು ಕೊಡುತ್ತೇನೆ ಎಂದಳು. ಮಾಲೀಕನ ಮುಖ ಗಂಟಾಯಿತು.

“ಅಕ್ಕಾ, ಅಂಗಡಿಗೆ ಬಂದವರ ಮುಂದೆ ‘ಗೊತ್ತಿಲ್ಲ’ ಅಂತ ಬೋರ್ಡು ಹಾಕ್ಕೊಂಡು ಕೂತಿರೋದು ಇಡೀ ಊರಲ್ಲಿ ನಾವೊಬ್ರೇ,” ಎಂದ.

“ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದಾರೆ ಯಜಮಾನ್ರೇ. ಬೋರ್ಡು ಹಾಕಿರೋದು ಮಾತ್ರ ನಾವು.”

ಅದೇ ತಿಂಗಳು ಮಾಲೀಕನ ಭಾಮೈದ ಹ್ಯಾಚರಿಗೆ ಬಂದು ಸೇರಿದ್ದ. ಬೇರೆಲ್ಲೂ ಸಲ್ಲದವನು ಅಕ್ಕನ ಗಂಡನಲ್ಲಿ ಸಂದಿದ್ದ. ಎಲ್ಲೋ ಮೂರು ದಿನದ ತರಬೇತಿ ಮುಗಿಸಿ, ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ, ಮೊಟ್ಟೆಗೆ ಕಾವು ಕೊಡುವ ಯಂತ್ರದ ಮೇಲೆ ನೇತುಹಾಕಿದ್ದ. ಮೂರು ದಿನದಲ್ಲಿ ಒಂದು ದಿನ ಉದ್ಘಾಟನೆ, ಒಂದು ದಿನ ಸಮಾರೋಪ ಎಂದು ಅವನೇ ಒಮ್ಮೆ ಬಾಯಿ ತಪ್ಪಿ ಹೇಳಿದ್ದುಂಟು. ಅವನು ಮುಂದೆ ಬಂದು, ವೈಜ್ಞಾನಿಕ ವಿಧಾನದಲ್ಲಿ ‘ಗೊತ್ತಿಲ್ಲ’ ಅನ್ನುವ ವರ್ಗವೇ ಇಲ್ಲ, ಅರ್ಧ ಗಂಟೆ ಕೊಡಿ ಸಾಕು ಎಂದ.

ಬಣ್ಣದಕ್ಕನ ಮೈ ಉರಿದುಹೋಯಿತು. ಹಾಗಿದ್ದರೆ ನೀವೇ ಆರಿಸಿಕೊಳ್ಳಿ ಎಂದು ಸೆರಗು ಕೊಡವಿ ಮಧ್ಯಾಹ್ನವೇ ಮನೆಗೆ ಹೊರಟಳು. ಹೋಗುವಾಗ ತಿರುಗಿ ನೋಡಿದರೆ ತಜ್ಞರು ಮೂರೂ ಪೆಟ್ಟಿಗೆಯ ಮರಿಗಳನ್ನು ಒಂದರಲ್ಲೇ ಸುರಿದುಕೊಂಡು, ಬಾಗಿಲ ಚಳಿಗೆ ಹೆದರಿ, ಒಳಗೆ ಕೆಂಪು ಬಲ್ಬಿನ ಕೆಳಗೆ ಮೆತ್ತೆಯ ಕುರ್ಚಿ ಎಳೆದುಕೊಂಡು ಕೂತಿದ್ದರು. ಆ ಬೆಳಕಿನಲ್ಲಿ ಇವನಿಗೆ ಏನು ಕಾಣುತ್ತದೆ ಎಂದು ಒಳಗೊಳಗೇ ನಕ್ಕಳು. ಆ ನಗು ಅವಳಿಗೆ ದುಬಾರಿಯಾಯಿತು.

ಮನೆಯಲ್ಲಿ ಜೊತೆಗಿದ್ದವಳು ತಂಗಿ, ಬಾಯಿ ಜೋರಿನವಳು. ಊಟಕ್ಕೆ ಬಡಿಸುತ್ತ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಚೀಟಿಗೆ ಯಾರ ಸಹಿ ಹಾಕ್ತಾನಂತೆ ಆ ಮಹಾಶಯ?” ಎಂದಳು.

ಬಣ್ಣದಕ್ಕ ಮನಸ್ಸಿನಲ್ಲೇ ಎಣಿಸಿದಳು. ಡ್ರಾಯರಿನಲ್ಲಿ ಅರವತ್ತೋ ಎಪ್ಪತ್ತೋ ಚೀಟಿ ಉಳಿದಿದ್ದವು, ಎಲ್ಲಕ್ಕೂ ಅವಳ ಸಹಿ. ಆಗಲೇ ಎದ್ದು ಹೋಗಬಹುದಿತ್ತು, ಹತ್ತು ನಿಮಿಷದ ದಾರಿ. ಆದರೆ ಬಿರುಸಾಗಿ ಎದ್ದು ಬಂದವಳು ಮತ್ತೆ ಹೋಗಿ ಆ ಬಾಗಿಲಲ್ಲಿ ನಿಲ್ಲುವುದು ಹೇಗೆ? ಅವರು ಅಷ್ಟು ಕೀಳುಮಟ್ಟಕ್ಕೆ ಇಳಿಯಲಿಕ್ಕಿಲ್ಲ ಎಂದುಕೊಂಡು ಊಟ ಮುಗಿಸಿದಳು. ಮನುಷ್ಯರು ಎಷ್ಟು ಕೀಳುಮಟ್ಟಕ್ಕೆ ಇಳಿಯುತ್ತಾರೆ ಎಂಬುದಕ್ಕೆ ಊದಿ ನೋಡುವ ತುಪ್ಪಳವಿಲ್ಲ.

ಬೆಳಿಗ್ಗೆ ಹೋಗುವಷ್ಟರಲ್ಲಿ ಕ್ಲಬ್ಬಿನ ಪೆಟ್ಟಿಗೆಗಳು ಹೋಗಿಯಾಗಿತ್ತು. ಪ್ರತಿಯೊಂದರ ಮೇಲೂ ‘ತಿಳಿನೀಲಿ’, ಕೆಳಗೆ ಅವಳ ಹೆಸರು. ಕೇಳಿದರೆ ಮಾಲೀಕ ಹಲ್ಲು ಕಿರಿದು, ನಿಮ್ಮ ಹೆಸರು ಕಂಡರೆ ಅವರಿಗೆ ಧೈರ್ಯ, ನಿಮ್ಮ ಗಂಟೇನು ಹೋಗುತ್ತದೆ ಎಂದ. ಅವಳು ಕ್ಲಬ್ಬಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅದೃಷ್ಟವಿದ್ದರೆ ಅರವತ್ತೂ ನೀಲಿಯೇ ಆದಾವು ಎಂದು ತನಗೆ ತಾನೇ ಹೇಳಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಅದೃಷ್ಟ ಎಂಬ ಮಾತು ಅವಳ ಬಾಯಿಗೆ ಬಂದದ್ದು ಅದೇ ಮೊದಲು. ಅಂದಿನಿಂದ ಚೀಟಿಗೆ ಮುಂಗಡ ಸಹಿ ಹಾಕುವುದನ್ನು ಬಿಟ್ಟಳು, ಆದರೆ ಡ್ರಾಯರಿನಲ್ಲಿದ್ದ ಹಳೆಯವನ್ನು ತೆಗೆಯಲಿಲ್ಲ, ಬಾಯಿಯನ್ನೂ ಬಿಚ್ಚಲಿಲ್ಲ.

ಮರಿಯ ತುಪ್ಪಳ ಉದುರಿತು, ನಡುವಿನ ಗರಿ ಬಂದು ಹೋಯಿತು, ಹನ್ನೊಂದನೇ ವಾರಕ್ಕೆ ನಿಜವಾದ ಗರಿ ಬಂತು. ಕ್ಲಬ್ಬಿನಿಂದ ಕರೆಯೂ ಬಂತು. ಕಾರಿನಲ್ಲಿ ಮಾಲೀಕ ಅವಳಿಗೆ ಪಾಠ ಹೇಳಿಕೊಟ್ಟ. ಮಾತೆಲ್ಲ ಭಾಮೈದ ಆಡುತ್ತಾನೆ, ಅವಳು ಹೂಂ ಅಂದರೆ ಸಾಕು. ಅನ್ನದಿದ್ದರೆ ನಾಳೆಯಿಂದ ಬರಬೇಕಾಗಿಲ್ಲ.

ಹುಲ್ಲಿನ ಮೇಲೆ, ತಿಳಿನೀಲಿ ಗೋಡೆಯ ಮುಂದೆ, ನಲವತ್ತಕ್ಕೂ ಮೇಲ್ಪಟ್ಟು ಕಡು ಬೂದು ಹಕ್ಕಿಗಳು ಬಿಳಿ ಚುಕ್ಕೆ ಹೊತ್ತು ಕಿರುಚಿಕೊಂಡು ಓಡಾಡುತ್ತಿದ್ದವು. ನಡುನಡುವೆ ಹದಿನೇಳು ನೀಲಿ. ಬಣ್ಣದಕ್ಕನ ಕಣ್ಣಿಗೆ ಅವು ಚೆನ್ನಾಗಿಯೇ ಕಂಡವು. ಭಾಮೈದ ಗಂಟಲು ಸರಿಮಾಡಿಕೊಂಡು ಇಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದೆ, ಅದರಿಂದ ಗರಿ ಕಪ್ಪಾಗುತ್ತದೆ ಎಂದು ಶುರುಮಾಡಿದ. ಕಾರ್ಯದರ್ಶಿಯ ಮುಖ ಅರಳಿತು. ಅವನಿಗೂ ಸಮಿತಿಯ ಮುಂದೆ ಹೇಳಲು ಒಂದು ಕಬ್ಬಿಣ ಬೇಕಾಗಿತ್ತು. ಅವನು ಅವಳತ್ತ ತಿರುಗಿದ.

“ಏನಮ್ಮಾ, ನೀರಿನಿಂದ ಹೀಗಾಗುತ್ತಾ?”

“ಇಲ್ಲ ಸಾರ್. ಇವು ಹುಟ್ಟಿದಾಗ್ಲೇ ಹೀಗೆ. ಕೆಂಪು ಬಲ್ಬಿನ ಕೆಳಗೆ ಆರಿಸಿದ್ರು. ಆ ಬೆಳಕಲ್ಲಿ ನನಗೂ ಗೊತ್ತಾಗಲ್ಲ.”

“ಚೀಟಿ ಮೇಲೆ ಸಹಿ ನಿಮ್ಮದೇ ಅಲ್ವಾ?”

“ನನ್ನದೇ. ಮರಿ ನೋಡೋ ಮುಂಚೆ ಹಾಕಿಟ್ಟಿದ್ದೆ. ಆಮೇಲೆ ಗೊತ್ತಾದ್ರೂ ಬಾಯಿ ಮುಚ್ಕೊಂಡಿದ್ದೆ. ಆ ತಪ್ಪು ಇವರದಲ್ಲ.”

ಕಾರ್ಯದರ್ಶಿಗೆ ಸಿಟ್ಟು ಬಂತು. ಮೋಸ ಮಾಡಿದವರ ಮೇಲಲ್ಲ, ಮೋಸವಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದವಳ ಮೇಲೆ. ಇಂಥವರನ್ನು ಯಾಕಯ್ಯಾ ಕೆಲಸಕ್ಕೆ ಇಟ್ಟುಕೊಂಡಿದ್ದೀಯ ಎಂದು ಮಾಲೀಕನನ್ನು ಗದರಿದ. ಮಾಲೀಕ ಅಲ್ಲೇ, ಆ ಹಕ್ಕಿಗಳ ಗದ್ದಲದ ನಡುವೆ, ಅವಳನ್ನು ಕೆಲಸದಿಂದ ಬಿಡಿಸಿದ. ವಾಪಸಾಗುವಾಗ ಕಾರಿನಲ್ಲಿ ಅವಳಿಗೆ ಜಾಗವಿರಲಿಲ್ಲ.

ನಡೆದುಕೊಂಡೇ ಹ್ಯಾಚರಿಗೆ ಹೋದಳು. ತಳದಲ್ಲಿ ಉಳಿದಿದ್ದ ಹಳೆಯ ಸಹಿಯ ಚೀಟಿಗಳನ್ನು ಡ್ರಾಯರಿನಿಂದ ಬಳಿದು ತೆಗೆದಳು. ಯಾರೂ ತಡೆಯಲಿಲ್ಲ. ಮೂರನೇ ಪೆಟ್ಟಿಗೆಯನ್ನೂ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದಳು. ಚೀಟಿಗಳು ನೀರೊಲೆಗೆ ಹೋದವು.

ಕ್ಲಬ್ಬಿನ ಸಮಿತಿ ಮತ್ತೆ ಸಭೆ ಸೇರಿತು. ತಾವು ಏಮಾರಿದೆವು ಎಂದು ಬರೆದುಕೊಳ್ಳುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಹಾಗಾಗಿ ಗೋಡೆಗೆ ಕಡು ಬೂದು ಬಣ್ಣ ಬಳಿಸಿದರು, ಹದಿನೇಳು ನೀಲಿ ಹಕ್ಕಿಗಳನ್ನು ಯಾರಿಗೋ ದಾಟಿಸಿದರು, ಉದ್ಘಾಟನೆ ಸಾಂಗವಾಗಿ ನಡೆಯಿತು. ವೇದಿಕೆಯ ಮೇಲೆ ಭಾಮೈದನಿಗೊಂದು ಶಾಲು ಹೊದಿಸಿದರಂತೆ.

ಮೊನ್ನೆ ಬಣ್ಣದಕ್ಕನ ಮನೆಗೆ ಪಾರ್ಸಲ್ ಬಂತು, ತಂಗಿ ತರಿಸಿದ ಎರಡು ದಿಂಬಿನ ಚೀಲ. ಪಾರ್ಸಲ್ಲಿನವನು ಕಾಗದ ಚಾಚಿ ಸಹಿ ಹಾಕಿ ಎಂದ. ಅವಳು ಕತ್ತರಿ ತಂದು, ಬಾಗಿಲ ಬೆಳಕಿಗೆ ಕೂತು, ಅಂಟು ಕತ್ತರಿಸತೊಡಗಿದಳು.

“ಎಲ್ಲರೂ ಮೊದ್ಲು ಸಹಿ ಹಾಕ್ತಾರಮ್ಮಾ, ಆಮೇಲೆ ಬಿಚ್ಚಿ ನೋಡ್ತಾರೆ,” ಎಂದು ಅವನು ಗೊಣಗಿದ.

“ನಾನೂ ಹಾಗೇ ಮಾಡ್ತಿದ್ದೆ,” ಎಂದಳು ಬಣ್ಣದಕ್ಕ. “ಸ್ವಲ್ಪ ತಡಿಯಪ್ಪಾ.”