ತೆರಕಣಾಂಬಿಯ ಹೊಲಗಳಿಗೆ ಎರಡು ಫ್ಲಾಪಿ

ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಪ್ರೆಸ್ಸಿನ ಒಳಕೋಣೆಯಲ್ಲಿ ಸುಧಾಮಣಿ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಅಷ್ಟರಲ್ಲಿ ಎರಡು ಲಗ್ನಪತ್ರಿಕೆ, ತೀರಿಕೊಂಡವರೊಬ್ಬರ ಶಿವಗಣಾರಾಧನೆಯ ಕಾರ್ಡು ಮುಗಿಯಬೇಕು. ಅದಕ್ಕೂ ಮೊದಲಿನ ಒಂದು ಗಂಟೆ ಮಾತ್ರ ಅವರ ಸ್ವಂತದ್ದು. ಆಗ ಹೊಲಗಳ ಹೆಸರು ಟೈಪು ಮಾಡುತ್ತಾರೆ. ಕೊನೆಗೆ ಅದೇ ಫೈಲನ್ನು ಎರಡು ಫ್ಲಾಪಿಗೆ ಇಳಿಸಿ, ಎರಡನ್ನೂ ತೆರೆದು ನೋಡಿ, ಒಂದನ್ನು ಬೀರುವಿಗೂ ಇನ್ನೊಂದನ್ನು ತಮ್ಮ ಚೀಲಕ್ಕೂ ಸೇರಿಸುತ್ತಾರೆ. ನೋಡದೆ ಎದ್ದ ದಿನವಿಲ್ಲ.

ಹೊಲಗಳು ತೆರಕಣಾಂಬಿ ಸುತ್ತಿನವು. ಅವುಗಳ ಹೆಸರು ಕಲೆಹಾಕಿದವರು ಶಿವರುದ್ರಸ್ವಾಮಿ ಮೇಷ್ಟ್ರು, ಸುಧಾಮಣಿಗೆ ಅಕ್ಷರ ತಿದ್ದಿಸಿದವರು. ನಿವೃತ್ತಿಯಾದ ಮೇಲೆ ಸೈಕಲ್ ತುಳಿದು ಊರೂರು ಸುತ್ತಿ, ಆರುನೂರಕ್ಕೂ ಹೆಚ್ಚು ಹೊಲಗಳ ಹೆಸರು, ಆ ಹೆಸರು ಬಂದ ಕತೆ ಬರೆದಿದ್ದರು. 'ಎಮ್ಮೆ ಕೊಟ್ಟ ಹೊಲ', 'ಅಳಿಯ ಓಡಿದ ಹೊಲ' ಇಂಥವು. ಪುಸ್ತಕ ಮಾಡಲೆಂದು ಎರಡು ವರ್ಷ ಕೂತು ಟೈಪು ಮಾಡಿದವರು ಸುಧಾಮಣಿ. "ಕಂಪ್ಯೂಟರಲ್ಲಿ ಅದೆಯಲ್ಲ, ಇನ್ನು ಇದ್ಯಾಕೆ?" ಎಂದು ಮೇಷ್ಟ್ರೇ ಕೈಬರಹದ ಹಾಳೆಗಳನ್ನು ಪ್ರೆಸ್ಸಿನಲ್ಲಿ ಬಿಟ್ಟುಹೋದರು. ಅವು ಲಗ್ನಪತ್ರಿಕೆಯ ಕಟ್ಟುಗಳಿಗೆ ಸುತ್ತಿಕೊಂಡು ಎಲ್ಲೆಲ್ಲಿಗೋ ಹೋದವು.

ಬಂತು ನೋಡಿ ತೊಂಬತ್ತೆಂಟರ ಆಯುಧಪೂಜೆ. ಸುಧಾಮಣಿ ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿದರು. ನಕಲಿದ್ದ ಫ್ಲಾಪಿಗಳೇನು ಪಾಪ ಮಾಡಿದ್ದವು? ಅವನ್ನೂ ಬೀರುವಿನಿಂದ ತೆಗೆದು, ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟರು. ಪ್ರೆಸ್ಸಿನ ಯಜಮಾನರಾದ ಮಹದೇವಪ್ಪನವರು ಒಡೆದ ಕಾಯಿಯ ನೀರು ಕಂಪ್ಯೂಟರಿನ ಒಳಗೂ ಇಳಿಯಿತು, ಎಲೆಯ ಮೇಲೂ ಹರಿಯಿತು. ಮೂರನೇ ದಿನ ಮೈಸೂರಿನಿಂದ ಬಂದ ಮೆಕ್ಯಾನಿಕ್ ಕೈಚೆಲ್ಲಿದ. ಫ್ಲಾಪಿಗಳು ಕರಕರ ಎಂದವೇ ಹೊರತು ಒಂದಕ್ಷರವನ್ನೂ ಕೊಡಲಿಲ್ಲ.

"ಕಾಪಿ ಮಾಡಿವ್ನಿ ಅಂತ ಧೈರ್ಯವಾಗಿದ್ದೆ. ಎಲ್ಲಾನೂ ಒಂದೇ ಎಲೆ ಮ್ಯಾಲೆ ತಂದಿಟ್ಟೋಳು ನಾನೇ," ಎನ್ನುವಾಗ ಅವರ ದನಿ ಇಂದಿಗೂ ಕುಗ್ಗುತ್ತದೆ.

ಮೇಷ್ಟ್ರು ಬೈಯಲಿಲ್ಲ. "ಹೊಲ ಎಲ್ಗೋದವು ಕಣವ್ವ? ಅಲ್ಲೇ ಅವೆ. ತಿರ್ಗಾ ಕೇಳ್ಕೊಂಡು ಬರನ ಬುಡು," ಎಂದರು. ಸಂಕ್ರಾಂತಿ ಕಳೆದ ವಾರಕ್ಕೆ ಲಿಂಗೈಕ್ಯರಾದರು. ಬೈದಿದ್ದರೆ ಸುಧಾಮಣಿಗೆ ಇಷ್ಟು ಸಂಕಟವಿರುತ್ತಿರಲಿಲ್ಲ.

ಈಗ ಭಾನುವಾರ ಬಂತೆಂದರೆ ಗುಂಡ್ಲುಪೇಟೆ ಬಸ್ಸು ಹತ್ತಿ, ತೆರಕಣಾಂಬಿಯಲ್ಲಿ ಇಳಿದು ಮನೆಮನೆ ಕೇಳುತ್ತಾರೆ. "ಯಾರ್ ಒಲ ಅಳೆಯಕ್ಕೆ ಬಂದಿದ್ದಯಮ್ಮಿ?" ಎಂದು ಮೊದಮೊದಲು ಗದರಿದ್ದ ದೊಡ್ಡಮಾದಮ್ಮ ಎಂಬ ಅಜ್ಜಿ ಈಗ ಎಲೆಅಡಿಕೆ ಕೊಟ್ಟು ಕೂರಿಸುತ್ತಾರೆ. ದಿನಕ್ಕೆ ನಾಲ್ಕು ಹೆಸರು ಸಿಕ್ಕರೆ ಅಂದು ಹಬ್ಬ. ಇದುವರೆಗೆ ನೂರಾ ಇಪ್ಪತ್ತೆರಡು ಹೊಲ ಮರಳಿವೆ. ಅಲ್ಲಿಂದ ಗುಂಡ್ಲುಪೇಟೆಗೆ, ಅಕ್ಕ ಶಾಂತಮಲ್ಲಮ್ಮನ ಮನೆಗೆ. ಅವರ ಟ್ರಂಕಿನೊಳಗೆ ಹೊಸ ಫ್ಲಾಪಿ ಇಟ್ಟು ಹಳೆಯದನ್ನು ವಾಪಸು ತರುತ್ತಾರೆ. "ಅಕ್ಕ, ನಿನ್ ಕಾಲ್ಗೆ ಬೀಳ್ತೀನಿ, ಇದ್ಕೆ ವಿಭೂತಿ ಮಾತ್ರ ಇಕ್ಬ್ಯಾಡ," ಎನ್ನುವುದು ವಾರವಾರದ ಮಾತು.

ಪುಸ್ತಕ ಅಚ್ಚಾಗಬೇಕೆಂಬ ಆಸೆಯೇ ಎಂದು ಕೇಳಿದರೆ, ಅದು ಆದಾಗ ಆಗಲಿ ಎನ್ನುತ್ತಾರೆ. ಅವರ ಜೀವ ಸಿಕ್ಕಿಕೊಂಡಿರುವುದು ಒಂದು ಹೊಲದಲ್ಲಿ: 'ಮಾತು ಬಿಟ್ಟೋರ ಹೊಲ'. ಹೆಸರು ನೆನಪಿದೆ, ಮೇಷ್ಟ್ರು ಬರೆದ ಕತೆ ನೆನಪಿಲ್ಲ. ಬಲ್ಲವರು ಊರಿನಲ್ಲಿ ಯಾರೂ ಉಳಿದಿಲ್ಲ.

"ಟೈಪ್ ಮಾಡ್ತಾ ಮಾಡ್ತಾ ಜೋರಾಗಿ ನಕ್ಬುಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರೂ ನಕ್ಕಿದ್ರು. ಯಾತುಕ್ಕೆ ನಕ್ಕೊ ಅನ್ನೋದೇ ನೆಪ್ಪಿಲ್ಲ. ಒಂದೂವರೆ ಪುಟ ಇತ್ತು ಅಂತ ಗೊತ್ತು. ಅಷ್ಟು ಜಾಗ ಖಾಲಿ ಬುಟ್ಟಿವ್ನಿ. ಅದ್ನೂ ದಿನಾ ಎರಡು ಫ್ಲಾಪಿಗೂ ಕಾಪಿ ಮಾಡ್ತೀನಿ."