ನೈವೇದ್ಯದ ಮನೆಯ ಹಿತ್ತಲ ಉಳ್ಳಾಗಡ್ಡಿ

ನಮ್ಮ ಮನೆಯಲ್ಲಿ ಯಾರೂ ಉಳ್ಳಾಗಡ್ಡಿ ತಿನ್ನುತ್ತಿರಲಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ. ಏಕೆಂದರೆ ಚಿತ್ತಾಪುರದ ನಮ್ಮ ಓಣಿಯಲ್ಲಿ ಇದನ್ನು ನಂಬದವರು ಅಂದೂ ಇದ್ದರು, ಅವರ ಮೊಮ್ಮಕ್ಕಳಲ್ಲಿ ಇಂದೂ ಇದ್ದಾರೆ. ಈಚೆಗೆ ಒಂದು ಮದುವೆಯ ಊಟದಲ್ಲಿ ಅಂಥ ಒಬ್ಬ ಗೃಹಸ್ಥ ನನ್ನನ್ನು ಪಕ್ಕದವರಿಗೆ ತೋರಿಸಿ, "ಉಳ್ಳಾಗಡ್ಡಿ ಆಚಾರ್ರು ಅಂದ್ರ ಇವ್ರೇ" ಎಂದು ನಕ್ಕ. ನಾನು ನಗಲಿಲ್ಲ. ಎಲೆಯ ಮುಂದಿನಿಂದ ಏಳುವುದು ಅಶಾಸ್ತ್ರವೆಂಬ ಒಂದೇ ಕಾರಣಕ್ಕೆ ಕುಳಿತು ಊಟ ಮುಗಿಸಿದೆ.

ನಿಜಾಮರ ಕಾಲದ ಮಾತು. ತಂದೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ತಾಯಿ. ನನಗೆ ಕಚೇರಿಯಲ್ಲಿ ಜಮೀನು ಅಳೆಯುವ ಕೆಲಸ. ತಾಯಿಗೆ ಓಣಿಯ ಗುಡಿಯ ನೈವೇದ್ಯದ ಅಡುಗೆ. ತಲೆ ಬೋಳಿಸಿಕೊಂಡ ವಿಧವೆಗೆ ಆ ದಿನಗಳಲ್ಲಿ ಊರು ಕೊಡುತ್ತಿದ್ದ ಮರ್ಯಾದೆ ಎಷ್ಟೆಂಬುದನ್ನು ಬಲ್ಲವರು ಬಲ್ಲರು. ಶುಭಕಾರ್ಯದಲ್ಲಿ ಮುಂದೆ ಬರುವಂತಿಲ್ಲ, ಹೊರಟವರ ಎದುರಿಗೆ ಸುಳಿಯುವಂತಿಲ್ಲ. ಆದರೆ ಅದೇ ಹೆಂಗಸು ಒದ್ದೆ ಸೀರೆಯಲ್ಲಿ, ಮಡಿಯಲ್ಲಿ ಬೇಯಿಸಿದ ಹಯಗ್ರೀವವೆಂಬ ಸಿಹಿ ದೇವರ ಮುಂದೆ ಹೋಗುತ್ತಿತ್ತು, ಅನಂತರ ಇಡೀ ಪಂಕ್ತಿ ಅದನ್ನು ಉಣ್ಣುತ್ತಿತ್ತು. ಕಡಲೆಬೇಳೆ ಮತ್ತು ಬೆಲ್ಲವನ್ನು ಅವಳಂತೆ ಹದಕ್ಕೆ ತರುವವರು ಸೇಡಂ ತನಕ ಇಲ್ಲವೆಂದು ಹೇಳುತ್ತಿದ್ದರು. ಅವಳಿಗೆ ಈ ಭೂಮಿಯ ಮೇಲೆ ಉಳಿದದ್ದು ಆ ಒಲೆಯೊಂದೇ.

ಇಂಥ ಮನೆಯ ಹಿತ್ತಲಿಗೆ ಉಳ್ಳಾಗಡ್ಡಿ ಬಂದದ್ದು ಬಿಸಿಲಿನಿಂದ. ಒಂದು ವೈಶಾಖದಲ್ಲಿ ಕಾಳಗಿಯಿಂದ ಚಿಮ್ಮನಚೋಡದ ಕಡೆಗೆ ಹೊಲ ಅಳೆಯುತ್ತ ಹೋದವನು ಸರಪಳಿ ಹಿಡಿದುಕೊಂಡೇ ಬಿದ್ದೆ. ಜೊತೆಗಿದ್ದ ಕಚೇರಿಯ ಜವಾನರು ಹೊತ್ತೊಯ್ದಾಗ ಕಾಳಗಿಯ ಹಕೀಮರು ಅಂಗಾಲಿಗೆ ಏನನ್ನೋ ತಿಕ್ಕಿಸಿದರು. ಎಚ್ಚರವಾದಾಗ ವಾಸನೆಯಿಂದಲೇ ಅದೇನೆಂದು ತಿಳಿಯಿತು.

"ಪಂಡಿತಜೀ, ತಿನ್ನಬ್ಯಾಡ್ರಿ, ನಿಮ್ಮ ಧರ್ಮ ನಿಮಗ. ಆದ್ರ ಬಿಸಿಲಿಗೆ ಹೊಂಟಾಗ ಶೇರವಾನಿ ಜೇಬಿನ್ಯಾಗ ಒಂದು ದೊಡ್ಡ ಗಡ್ಡಿ ಇಟ್ಕೊಂಡೇ ಹೋಗ್ರಿ. ಸಣ್ಣದು ಮಧ್ಯಾಹ್ನಕ್ಕೇ ಬಾಡಿ ಹೋಗ್ತದ. ಇನ್ನೊಮ್ಮೆ ಬಿದ್ರ ನನ್ನ ಕಡಿ ತರಬ್ಯಾಡ್ರಿ, ಸೀದಾ ನಿಮ್ಮ ಸ್ಮಶಾನಕ್ಕೇ ಒಯ್ಯಿರಿ" ಎಂದರು.

ಹಾಗೆ ಉಳ್ಳಾಗಡ್ಡಿಯನ್ನು ಜೇಬಿನಲ್ಲಿ, ರುಮಾಲಿನಲ್ಲಿ ಇಟ್ಟುಕೊಳ್ಳುವುದು ನಮ್ಮ ಸೀಮೆಯ ಎಲ್ಲರ ರೂಢಿ. ನಮ್ಮವರಿಗೆ ಮಾತ್ರ ಅದು ನಿಷಿದ್ಧ ಗಡ್ಡೆ. ಸಂತೆಯಲ್ಲಿ ಅದರ ರಾಶಿಯ ಮುಂದೆ ನಿಂತ ವೈಷ್ಣವನನ್ನು ಒಂದು ಸಂತೆಯೇ ನೋಡುತ್ತದೆ. ಕೊಂಡರೆ ಕಾಣುತ್ತದೆ, ಬೆಳೆದರೆ ಕಾಣುವುದಿಲ್ಲವೆಂದು ನಾನು ತರ್ಕಿಸಿದೆ. ಹಿತ್ತಲಿಗೆ ಎದೆಯೆತ್ತರದ ಶಹಾಬಾದ ಕಲ್ಲಿನ ಗೋಡೆ ಇತ್ತು. ಆ ಗೋಡೆಗಿಂತ ನಮ್ಮ ಓಣಿಯವರ ಕುತ್ತಿಗೆ ಉದ್ದವೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ತಾಯಿಯನ್ನು ಕೇಳಿದಾಗ ಅವಳು, "ಒಳಗ ತರಬ್ಯಾಡ. ಬಾವಿಯ ಆಚಿ ಕಡಿ ಹಚ್ಚು. ಮುಟ್ಟಿದ ಮ್ಯಾಲ ಸ್ನಾನ ಮಾಡು" ಎಂದಳು. ಅಷ್ಟೇ ಅಪ್ಪಣೆ.

ಸಸಿ ಕೊಟ್ಟವರು ಹಿಂದಿನ ಮನೆಯ ಗೌಡರು, ಬಸವಣ್ಣನವರ ಪಂಥದ ಒಕ್ಕಲುತನದ ಮನೆಯವರು. ಕಾರ್ತಿಕದಲ್ಲಿ ಬೀಜ ಚೆಲ್ಲಿದ್ದ ತಮ್ಮ ಸಸಿಮಡಿಯಿಂದ ಒಂದು ಹಿಡಿ ಕಿತ್ತು ಗೋಡೆಯ ಮೇಲೆ ಇಟ್ಟರು. ಗೇಣಿಗೊಂದರಂತೆ ಹಚ್ಚಬೇಕು, ಆಳ ಹಾಕಬಾರದು, ಗಡ್ಡೆ ಉಬ್ಬತೊಡಗಿದಾಗ ಅದರ ಹೆಗಲಿನ ಮಣ್ಣನ್ನು ಬೆರಳಿನಿಂದ ಸರಿಸಬೇಕು, ಹೂವಿನ ಕೋಲು ಬಂದರೆ ಮುರಿಯಬೇಕು ಎಂದು ಹೇಳಿಕೊಟ್ಟರು. ಕೊನೆಗೆ ಮೀಸೆಯಲ್ಲೇ ನಕ್ಕು, "ನಿಮ್ಮ ಹಿತ್ತಲದಾಗ ಭಾಳ ದೊಡ್ಡವಾಗ್ತಾವ ಬಿಡ್ರಿ ಆಚಾರ್ರ. ನಮ್ಮನ್ಯಾಗ ಹಸರ ತಪ್ಪಲ ಹೊಂಟ ದಿವ್ಸಾನೇ ರೊಟ್ಟಿ ಜೊತಿ ಹೋಗಿಬಿಡ್ತಾವ, ಗಡ್ಡಿ ಆಗೂದಕ್ಕ ಎಲ್ಲಿ ಬಿಡ್ತಾರ?" ಎಂದರು. ಮಾತು ಸ್ನೇಹದ್ದೆಂದು ಅಂದು ತಿಳಿದೆ. ಅನಂತರ ಅದೇ ಮಾತನ್ನು ಅವರು ಇನ್ನೆಲ್ಲಿ ಆಡಿರಬಹುದೆಂದು ಯೋಚಿಸಿದ್ದೇನೆ.

ಕಾಗಿಣಾ ದಂಡೆಯ ಕರಿ ಮಣ್ಣು ತಂದು ಹಾಕಿದೆ. ಒಲೆಯ ಬೂದಿ ಚೆಲ್ಲಿದೆ. ಫಾಲ್ಗುಣದ ಹೊತ್ತಿಗೆ ಗಡ್ಡೆಗಳು ಮಣ್ಣಿನ ಮೇಲೆ ಅರ್ಧ ಎದ್ದು, ನಸುಗೆಂಪಾಗಿ, ತುಪ್ಪದ ಗಿಂಡಿಯಷ್ಟು ದೊಡ್ಡವಾಗಿ ಸಾಲುಹಿಡಿದು ಕುಳಿತವು. ಒಂದು ಸಾಲಿನಲ್ಲಿಯೂ ಖಾಲಿ ಜಾಗವಿರಲಿಲ್ಲ. ನನಗೆ ಹೆಮ್ಮೆಯಾಯಿತೆಂದು ಬರೆಯಲು ಸಂಕೋಚವಿಲ್ಲ.

ಆ ಹೊತ್ತಿಗೇ ಓಣಿಯ ನಡೆ ಬದಲಾಯಿತು. ಗುಡಿಯಲ್ಲಿ ನನ್ನ ಪಕ್ಕಕ್ಕೆ ಕುಳಿತವರು ಮೂಗು ಏರಿಸಿ, ಏನೋ ನೆನಪಾದವರಂತೆ ಎದ್ದು ಆಚೆ ಕುಳಿತುಕೊಳ್ಳತೊಡಗಿದರು. ನೀರಿಗೆ ಬಂದ ಹೆಂಗಸರು ನಮ್ಮ ಗೋಡೆಯ ಬಳಿ ಕೊಡ ಇಳಿಸಿ ದಣಿವಾರಿಸಿಕೊಳ್ಳುವುದು ಹೆಚ್ಚಾಯಿತು. ಒಂದು ದಿನ ನನ್ನ ಕಿವಿಗೆ ಬೀಳಲೆಂದೇ ಒಬ್ಬಾಕೆ, "ಜೇಬಿಗೆ ಒಂದು ಸಾಕಲ್ಲ? ಇವ್ರಿಗೇನು ಸೂರ್ಯ ಒಬ್ಬನಾ, ಹನ್ನೆರಡಾ?" ಎಂದಳು. ಹಕೀಮರ ಸಲಹೆಯನ್ನು ನಾನು ಮನೆಯ ಹೊರಗೆ ಗೌಡರಿಗೊಬ್ಬರಿಗೇ ಹೇಳಿದ್ದೆ. ಅದು ಕೊಡ ಹೊತ್ತವಳಿಗೆ ಹೇಗೆ ತಿಳಿಯಿತು? ಗೌಡರ ಮೂಲಕವೇ, ಅಥವಾ ಕಚೇರಿಯ ಜವಾನರ ಮೂಲಕವೇ ಎಂಬುದನ್ನು ಇಂದಿಗೂ ತೀರ್ಮಾನಿಸಿಲ್ಲ.

ಯುಗಾದಿಯಿಂದ ರಾಮನವಮಿಯವರೆಗೆ ಒಂಬತ್ತು ದಿನ ಗುಡಿಯಲ್ಲಿ ವಿಶೇಷ ನೈವೇದ್ಯ. ಅದರ ಹಿಂದಿನ ದಿನ, ಅಮಾವಾಸ್ಯೆಯ ಬೆಳಿಗ್ಗೆ, ಗುಡಿಯ ಆಡಳಿತ ನೋಡುತ್ತಿದ್ದ ಪಾರುಪತ್ಯಗಾರರು ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕುಳಿತುಕೊಳ್ಳಿರೆಂದರೆ ಕುಳಿತುಕೊಳ್ಳಲಿಲ್ಲ.

"ಮಂದಿ ಬಾಯಿ ಕಟ್ಟಲಿಕ್ಕೆ ಬರೂದಿಲ್ಲ ನೋಡ್ರಿ. ದೇವರ ಅಡಿಗಿ ವಿಷಯ. ಒಮ್ಮೆ ಅಡಿಗಿಮನಿ ನೋಡಿ ಹೋಗ್ತೀವಿ" ಎಂದರು.

ನೋಡಿದ್ದು ಕಣ್ಣಿನಿಂದಲ್ಲ, ಮೂಗಿನಿಂದ. ಒರಳುಕಲ್ಲಿಗೆ ಹಿಡಿದ ಉಳ್ಳಾಗಡ್ಡಿಯ ವಾಸನೆ ತೊಳೆದರೂ ಹೋಗುವುದಿಲ್ಲವೆಂದು ನಮ್ಮವರ ನಂಬಿಕೆ. ಪಾರುಪತ್ಯಗಾರರು ಮಂಡಿಯೂರಿ, ನನ್ನ ಅಜ್ಜಿಯ ಕಾಲದಿಂದ ದೇವರಿಗಾಗಿ ರುಬ್ಬಿದ ಆ ಕಲ್ಲಿನ ಕುಳಿಗೆ ಮುಖವಿಟ್ಟು ಮೂಸಿದರು. ಈಳಿಗೆಮಣೆಯನ್ನು ಮೂಸಿದರು. ನನ್ನ ತಾಯಿ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಆಗ ನಾನು ಮಾಡಬಾರದ ಕೆಲಸ ಮಾಡಿದೆ: ವಾದಿಸಿದೆ. "ತಿನ್ನುವವರ ಹಿತ್ತಲಲ್ಲಿ ಗಡ್ಡೆ ಇಷ್ಟು ದೊಡ್ಡದಾಗುವುದೇ ಇಲ್ಲ. ತಪ್ಪಲಿದ್ದಾಗಲೇ ಕಿತ್ತು ಖಾಲಿ ಮಾಡುತ್ತಾರೆ. ಇವು ಬೆಳೆದದ್ದೇ ಯಾರೂ ಮುಟ್ಟದ ಕಾರಣ. ಬಂದು ಸಾಲು ನೋಡಿರಿ, ಒಂದು ಗಡ್ಡೆ ಕಡಿಮೆಯಿದ್ದರೆ ಕೇಳಿರಿ" ಎಂದೆ.

ಹಿರಿಯರಲ್ಲೊಬ್ಬರು ಇನ್ನೊಬ್ಬರ ಕಡೆಗೆ ತಿರುಗಿ, "ನೋಡ್ರಿ, ಎಷ್ಟು ತಿಳುವಳಿಕಿ! ತಿನ್ನದವ್ರಿಗೆ ಇಷ್ಟು ಹ್ಯಾಂಗ ತಿಳೀತದ?" ಎಂದರು.

ಹಿತ್ತಲಿಗೆ ಹೋದೆವು. ಗೋಡೆಯ ಕಡೆಯ ಸಾಲಿನ ನಡುವೆ ಒಂದು ಗುಂಡಿ ಬಾಯಿ ತೆರೆದಿತ್ತು. ಮಣ್ಣು ಇನ್ನೂ ಹಸಿ. ಅಂದು ಮುಂಜಾನೆ ಕಿತ್ತದ್ದೆಂದು ಕುರುಡನೂ ಹೇಳುವಂತಿತ್ತು.

ಪಾರುಪತ್ಯಗಾರರು ಆ ಗುಂಡಿಯನ್ನು ಕೋಲಿನಿಂದ ತೋರಿಸಿ, "ಆಚಾರ್ರ, ಇದು ಯಾರ ಜೇಬಿನ್ಯಾಗ ಹೋತು? ನೀವಂತೂ ಇನ್ನೂ ಶೇರವಾನಿ ಹಾಕಿಲ್ಲ" ಎಂದರು.

ಹಿಂದಿನಿಂದ ತಾಯಿಯ ದನಿ ಬಂದಿತು: "ನಾನೇ ಕಿತ್ತೀನಿ."

"ಯಾಕ್ರಿ ತಾಯಿ?"

"ಬೇಕಾಗಿತ್ತು."

"ಬೇಕಾಗಿತ್ತಂತ. ಕೇಳಿದ್ರಲ್ಲ?" ಎಂದು ಅವರು ಜೊತೆಗಾರರ ಮುಖ ನೋಡಿದರು. ಮತ್ತೆ ಯಾರೂ ಏನೂ ಕೇಳಲಿಲ್ಲ. ಆ ಒಂಬತ್ತು ದಿನಗಳ ನೈವೇದ್ಯ, ಮತ್ತು ಅದರಾಚೆಗಿನ ಎಲ್ಲ ನೈವೇದ್ಯ, ಪಾರುಪತ್ಯಗಾರರ ಮನೆಯಲ್ಲೇ ಆಗತಕ್ಕದ್ದೆಂದು ನಮ್ಮ ಅಂಗಳ ದಾಟುವ ಮೊದಲೇ ನಿರ್ಧಾರವಾಯಿತು.

ತಾಯಿ ಒಳಗೆ ಹೋಗಿ ಕಡಲೆಬೇಳೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿಟ್ಟಳು. ನಾನು ಒಂದು ಗಳಿಗೆ ಅವಳನ್ನೇ ಸಂಶಯಿಸಿದೆ. ಹಗ್ಗದ ಮೇಲೆ ಎರಡು ಒದ್ದೆ ಸೀರೆ ಹರವಿದ್ದವು. ಅಂದ ಮೇಲೆ ಅವಳು ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದ್ದಳು. ಗಡ್ಡೆಯನ್ನು ಮುಟ್ಟಿದ್ದು ನಿಜ. ಆದರೆ ಅದು ಮನೆಯಲ್ಲಿ ಎಲ್ಲಿಯೂ ಇಲ್ಲ. ಅಂದರೆ ಯಾರಿಗೋ ಕೊಟ್ಟಿದ್ದಾಳೆ. ಯಾರಿಗೆ?

ಪಾರುಪತ್ಯಗಾರರ ಮಗ ಗುಡಿಯ ನೆಲಕ್ಕೆ ಫರಸಿಕಲ್ಲು ತರಲು ಬಂಡಿ ಕಟ್ಟಿಕೊಂಡು ಶಹಾಬಾದಿಗೆ ಹೋದವನು ಹಿಂದಿನ ದಿನ ಬಿಸಿಲು ಬಡಿದು ಮಲಗಿದ್ದಾನೆಂದು ಕೇಳಿದ್ದೆ. ಮಧ್ಯಾಹ್ನ ಆ ಮನೆಗೆ ಹೋದೆ. ವಿಚಾರಿಸಲೆಂದು ಹೊರಗೆ ಹೇಳಿದರೂ ಜಗಳ ತೆಗೆಯಲೆಂದೇ ಹೋಗಿದ್ದೆ. ಹುಡುಗನಲ್ಲ ಅವನು, ನನ್ನ ಓರಗೆಯವನೇ. ದಿಂಬಿಗೆ ಒರಗಿ ಮಜ್ಜಿಗೆ ಕುಡಿಯುತ್ತಿದ್ದ. ಕೋಣೆಯಲ್ಲಿ ಉಸಿರು ಕಟ್ಟುವಷ್ಟು ಧೂಪ ಹಾಕಿದ್ದರು. ಆ ಧೂಪದ ಅಡಿಯಿಂದ, ಅವನ ಅಂಗಾಲಿನ ಕಡೆಯಿಂದ, ನನಗೆ ಚೆನ್ನಾಗಿ ಪರಿಚಯವಿದ್ದ ವಾಸನೆ ಎದ್ದು ಬರುತ್ತಿತ್ತು. ಪಾರುಪತ್ಯಗಾರರು, "ಹುಣಸಿನೀರಿಗೇ ಬಿಸಿಲು ಇಳೀತು, ಹಿರಿಯರ ಔಷಧಿ ಹಿರಿಯರದೇ" ಎಂದು ಹೇಳುತ್ತಿದ್ದರು. ನೆಗಡಿಯಾಗಿದ್ದವರಲ್ಲ, ಆದರೆ ನಮ್ಮ ಒರಳಿನಲ್ಲಿ ಇಲ್ಲದ್ದನ್ನು ಹುಡುಕಿದ ಆ ಮೂಗಿಗೆ ತಮ್ಮ ಮನೆಯಲ್ಲಿ ಇದ್ದದ್ದು ತಿಳಿಯಲಿಲ್ಲ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. ನನ್ನ ಮುಖ ನೋಡಿ ಒಳಗೆ ಸರಿದರು.

ಮನೆಗೆ ಬಂದು ತಾಯಿಗೆ, "ಅವ್ರ ಮನಿಗೇ ಕೊಟ್ಟೀಯಲ್ಲ?" ಎಂದೆ.

"ಮೆಲ್ಲಕ ಮಾತಾಡು."

"ಈಗಲೇ ಹೋಗಿ ನಾಲ್ಕು ಮಂದಿಯೊಳಗ ಹೇಳ್ತೀನಿ."

"ಹೇಳೀದಿ ಅಂದ್ರ ನನ್ನ ಆಣಿ ಅದ. ಆಕಿ ಗಂಡಗ ಗೊತ್ತಿಲ್ಲ. ಗೊತ್ತಾದ್ರ ಆಕೀನ್ನ ಒಲಿ ಮುಟ್ಟಗೊಡ್ಸೂದಿಲ್ಲ, ಮೂಲಿಗೆ ಕೂಡಸ್ತಾನ. ಮಗ ಕಣ್ಣ ಮ್ಯಾಲ ಮಾಡಿದ್ದ, ಬಂದು ಕಾಲು ಹಿಡದ್ಳು. ಏನು ಮಾಡ್ಲಿ?"

"ನಿನ್ನ ಒಲಿ ಹೋತಲ್ಲ?"

ಅವಳು ಸೆರಗಿನ ತುದಿಯಿಂದ ಒರಳಿನ ಕುಳಿಯನ್ನು ಒರೆಸಿದಳು. ಅಲ್ಲಿ ಧೂಳಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಸಹಿಸುತ್ತಿದ್ದೆನೋ ಏನೋ. ಸಂಜೆ ಅದೇ ಹೆಂಗಸು ಹಿತ್ತಲ ಬಾಗಿಲಿಗೆ ಬಂದರು. ಮರುದಿನದ ಹಯಗ್ರೀವಕ್ಕೆ ಬೇಳೆ ಎಷ್ಟು ಬೇಯಬೇಕು, ಬೆಲ್ಲ ಯಾವಾಗ ಹಾಕಬೇಕು ಎಂದು ಕೇಳಲು! ನಾನು ಬಾವಿಯ ಕಟ್ಟೆಯ ಬಳಿ ಇದ್ದೆ.

"ಇನ್ನೊಂದು ಗಡ್ಡಿ ಬೇಕಾಗ್ಯದೇನ್ರಿ?" ಎಂದೆ.

ಅವರ ಮುಖದ ಬಣ್ಣ ಹೋಯಿತು. "ನಿಮ್ಮ ತಾಯಿ ಹೇಳ್ಯಾರೇನು?"

"ನನಗೂ ಮೂಗದ."

"ತಪ್ಪು ತಿಳೀಬ್ಯಾಡಪ್ಪ. ನಾ ಬಾಯಿ ಬಿಟ್ಟಿದ್ರ ಇವತ್ತು ನಾನೂ ಮನಿ ಹೊರಗ, ನಿಮ್ಮ ತಾಯೀನೂ ಹೊರಗ. ಒಬ್ಬರಾದ್ರೂ ಒಳಗ ಇರ್ಲಿ ಅಂತ..." ಎಂದು ನಿಲ್ಲಿಸಿದರು.

ಒಳಗಿರಬೇಕಾದ ಆ ಒಬ್ಬರು ತಾವೇ ಯಾಕಾಗಬೇಕೆಂದು ನಾನು ಕೇಳುವಷ್ಟರಲ್ಲಿ ತಾಯಿ ಅವರನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿಕೊಂಡಳು. ಬೇಳೆ ಬೆರಳಿನ ನಡುವೆ ಹಿಸುಕಿದರೆ ಒಡೆಯಬೇಕು, ಕರಗಬಾರದು. ಬೆಲ್ಲ ಹಾಕಿದ ಮೇಲೆ ಕೈ ಬಿಡಬಾರದು. ತುಪ್ಪ ಅಂಚಿನಿಂದ ಇಳಿಯಬೇಕು. ಲವಂಗ ಪುಡಿ ಮಾಡದೆ ಇಡಿಯಾಗಿಯೇ ಹುರಿದು ಹಾಕಬೇಕು. ಅವಳು ಒಂದನ್ನಾದರೂ ಬಚ್ಚಿಟ್ಟುಕೊಳ್ಳುವಳೇನೋ ಎಂದು ನಾನು ಕಿವಿಗೊಟ್ಟು ಕೇಳಿದೆ. ಬಚ್ಚಿಟ್ಟುಕೊಳ್ಳಲೆಂದು ಆಸೆಪಟ್ಟೆ. ಅವಳು ಎಲ್ಲವನ್ನೂ ಹೇಳಿಕೊಟ್ಟಳು, ಮರೆತುಹೋಗಬಾರದೆಂದು ಎರಡನೆಯ ಸಲವೂ ಹೇಳಿಸಿದಳು.

ರಾಮನವಮಿಯ ದಿನ ನಾನು ಪಂಕ್ತಿಗೆ ಹೋದೆ. ಹೋಗದಿದ್ದರೆ ಅದನ್ನೂ ತಪ್ಪೊಪ್ಪಿಗೆಯೆಂದು ಎಣಿಸುತ್ತಿದ್ದರು. ನನ್ನ ಎಲೆಯನ್ನು ಸಾಲಿನ ತುದಿಗೆ, ಕೈತೊಳೆಯುವ ನೀರು ಹರಿಯುವ ಕಡೆಗೆ ಹಾಕಿದ್ದರು. ತೀರ್ಥ ಕೊಡುವಾಗ ಪಾರುಪತ್ಯಗಾರರು ಎಲ್ಲರ ಅಂಗೈಯ ಹತ್ತಿರಕ್ಕೆ ಉದ್ಧರಣೆ ತಗ್ಗಿಸಿ ಕೊಟ್ಟರು. ನನ್ನ ಅಂಗೈಗೆ ಮಾತ್ರ ಗೇಣು ಮೇಲಿನಿಂದ ಹನಿಸಿದರು. ಅವರ ಮಗ ಚೇತರಿಸಿಕೊಂಡು ಬಡಿಸುತ್ತಿದ್ದ. ನನ್ನ ಎಲೆಗೆ ಬಂದಾಗ ಸೌಟು ಸ್ವಲ್ಪ ಎತ್ತರಕ್ಕೆ ಹಿಡಿದ. ಅವನೂ!

ಹಯಗ್ರೀವವನ್ನು ತಪ್ಪು ಹುಡುಕಲೆಂದೇ ಬಾಯಿಗಿಟ್ಟೆ.

ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ಕುಳಿತಿದ್ದಳು. ಎಲೆ ಎಲ್ಲಿ ಹಾಕಿದ್ದರು, ತೀರ್ಥ ಹೇಗೆ ಕೊಟ್ಟರು ಎಂದು ಏನೂ ಕೇಳಲಿಲ್ಲ. "ಹಯಗ್ರೀವ ಹ್ಯಾಂಗಿತ್ತು?" ಎಂದಳು.

ಸುಳ್ಳು ಹೇಳಬಹುದಿತ್ತು. ಸೀದಿತ್ತು, ಗಂಟಾಗಿತ್ತು ಎನ್ನಬಹುದಿತ್ತು. "ನೀ ಮಾಡಿದಂಗೇ ಇತ್ತು" ಎಂದೆ.

"ಹಂಗಿದ್ರ ದೇವರಿಗೆ ಏನೂ ಕಡಿಮಿ ಆಗ್ಲಿಲ್ಲ" ಎಂದು ಅವಳು ಎದ್ದು ನನಗೆ ಕೈಕಾಲಿಗೆ ನೀರು ಕೊಟ್ಟಳು.

ಅವಳಿಗೆ ಅಷ್ಟು ಸಾಕಾಯಿತು. ಆ ಒಲೆಗೆ ಅವಳನ್ನು ಮತ್ತೆ ಯಾರೂ ಕರೆಯಲಿಲ್ಲ, ಅವಳೂ ಆ ಹೆಂಗಸಿನ ಹೆಸರು ಬಾಯಿಗೆ ತರಲಿಲ್ಲ. ಆಣೆಯನ್ನು ನಾನು ಅವಳ ಕೊನೆಯವರೆಗೆ ನಡೆಸಿದೆ. ಅವಳು ಹೋದಳು, ಪಾರುಪತ್ಯಗಾರರು ಹೋದರು, ಅವರ ಹೆಂಡತಿಯೂ ಹೋದರು. ಇನ್ನು ಆ ಹೆಂಗಸನ್ನು ಮೂಲೆಗೆ ಕೂಡಿಸುವವರು ಯಾರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಇದನ್ನು ಬರೆದಿದ್ದೇನೆ.