ಮುಚ್ಚಿದ ಮೋರಿ, ಅಗೆದ ರಸ್ತೆ

ರಸ್ತೆಯಡಿಯ ಮೋರಿಯನ್ನು ಮುಚ್ಚಿಸಿದವರಿಗೆ ಏನೂ ಆಗಲಿಲ್ಲ. ಅನುಭವಿಸಿದವರು ರಸ್ತೆಯ ಮೇಲ್ಬದಿಯಲ್ಲಿರುವ ನಮ್ಮ ಕೇರಿಯ ಕೂಲಿಯವರು. ಎಲ್ಲರಿಗಿಂತ ಹೆಚ್ಚಾಗಿ ನಮ್ಮ ದೊಡ್ಡವ್ವ.

ಆಕೆಯ ಅಂಗಾಲು ಕಪ್ಪಗೆ ಹೊಳೆಯುತ್ತಿತ್ತು. ಗುಂಡ್ಲುಪೇಟೆ ಸುತ್ತಿನ ರಸ್ತೆಗಳಿಗೆ ಟಾರು ಹಾಕುವ ಗ್ಯಾಂಗಿನಲ್ಲಿ ಮೂವತ್ತು ವರ್ಷ ದಿನಗೂಲಿಯಾಗಿ ದುಡಿದಳು. ಬೂಟು ಕೊಡಬೇಕಾದವರು ಕೊಡಲಿಲ್ಲ. ಕಾಲಿಗೆ ಗೋಣಿ ಸುತ್ತಿಕೊಂಡು ಕಾದ ಜಲ್ಲಿಯ ಮೇಲೆ ನಡೆದಳು. ಕೆಲಸ ಕಾಯಂ ಮಾಡಬೇಕಾದವರು ಮಾಡಲಿಲ್ಲ. ಇವೆರಡೂ ಆರೋಪಗಳೆಂದೇ ದಾಖಲಾಗಲಿ.

ಶಾಲೆಗೆಂದು ನಾನು ತಾಲ್ಲೂಕಿನ ನಕ್ಷೆ ಬರೆಯುತ್ತಿದ್ದಾಗ ಆಕೆ ಪಕ್ಕದಲ್ಲಿ ಕುಳಿತು ನೋಡಿದಳು. ಗುಂಡ್ಲುಪೇಟೆಯಿಂದ ಊಟಿಗೊಂದು, ಕೇರಳಕ್ಕೊಂದು, ಮೈಸೂರಿಗೊಂದು, ಚಾಮರಾಜನಗರಕ್ಕೊಂದು ಗೆರೆ ಎಳೆದಿದ್ದೆ.

‘ಇದು ಕಾರ್‌ನೋರ ನಕ್ಷೆ ಕಣಮ್ಮಿ. ನೀರು ಓಗೋ ದಾರೀನೂ ಬರಿ. ಎರಡೂ ಕೂಡೋ ಕಡೀಕೆ ಮೋರಿ ಇರ್ತದೆ.’

ಒಂದೊಂದು ಹಳ್ಳವನ್ನೂ ಹೇಳಿ ಬರೆಸಿದಳು. ನೆಲವನ್ನು ಓದಲು ನಾನು ಕಲಿತದ್ದು ಅಂದು.

ನಾನು ಓದು ಮುಗಿಸಿ ಶಿಕ್ಷಕಿಯ ಕೆಲಸಕ್ಕೆ ಕಾಯುತ್ತಿದ್ದ ವರ್ಷ, ಭೀಮನಬೀಡಿನ ಕಡೆಯ ನಮ್ಮ ರಸ್ತೆಯನ್ನು ಎತ್ತರಿಸುವ ಕೆಲಸ ಬಂತು. ಸರ್ವೆ ನಡೆದದ್ದು ಬೇಸಿಗೆಯಲ್ಲಿ; ದೊಡ್ಡವ್ವನೂ ಗ್ಯಾಂಗಿನಲ್ಲಿದ್ದಳು. ‘ಇಲ್ಲಿ ನೀರೇ ಇಲ್ವಲ್ಲಮ್ಮ, ಮೋರಿ ಯಾಕೆ?’ ಎಂದರು ಎಂಜಿನಿಯರ್.

ದೊಡ್ಡವ್ವ ಪಕ್ಕದ ಲಂಟಾನ ಬೇಲಿಯಲ್ಲಿ ಸೊಂಟದೆತ್ತರಕ್ಕೆ ಸಿಕ್ಕಿಕೊಂಡಿದ್ದ ಒಣಹುಲ್ಲು, ಕಸಕಡ್ಡಿಗಳನ್ನು ತೋರಿಸಿದಳು. ‘ಇದ ಇಲ್ಲಿ ಯಾರು ತಂದು ಸಿಕ್ಸವ್ರೆ, ಹೇಳಪ್ಪ? ನೀರು ಇಷ್ಟೆತ್ರ ಬಂದೋಗ್ಯದೆ.’

ಗುತ್ತಿಗೆದಾರ ನಕ್ಕ. ‘ಓ, ಇಂಜಿನಿಯರಮ್ಮ ಬಂದ್ಬುಟ್ರು. ಬಾಂಡ್ಲಿ ಎತ್ಕೊಂಡು ಓಗು.’

‘ಎತ್ಕತೀನಿ. ಮಳೆ ಬಂದಾಗ ನೀನೂ ಬಾ, ಅದೇ ಬಾಂಡ್ಲೀಲಿ ನೀರು ಮೊಗ್ಯಕೆ.’

ಮರುದಿನದಿಂದ ಆಕೆಗೆ ಕೆಲಸವಿಲ್ಲ. ಮೋರಿಗೆ ಮಣ್ಣು ತುಂಬಿದರು.

ಅದೇ ವರ್ಷ ದೀಪಾವಳಿ ಹತ್ತಿರವಿದ್ದಾಗ ಮಳೆ ಹಿಡಿಯಿತು. ಎತ್ತರದ ರಸ್ತೆ ಕೆರೆಯ ಏರಿಯಂತೆ ನೀರನ್ನು ತಡೆದು ನಿಂತಿತು. ಬೆಳಕು ಹರಿಯುವಷ್ಟರಲ್ಲಿ ಕೇರಿಯ ಒಲೆಗಳು ಮುಳುಗಿದ್ದವು. ದೊಡ್ಡವ್ವನ ಮನೆಯ ಮಣ್ಣಿನ ಗೋಡೆ ಕುಸಿದಿತ್ತು. ಗಂಡಸರು ಅಧಿಕಾರಿಗಳಿಗೆ ಫೋನು ಮಾಡುತ್ತ ನಿಂತಿದ್ದರು. ದೊಡ್ಡವ್ವ ಪಿಕಾಸಿ ತಂದಳು.

‘ಅವ್ರು ಬರೋವರ್ಗೂ ಮಕ್ಕಳ ತಲೆ ಮ್ಯಾಲೆ ಒತ್ಕೊಂಡಿರ್‍ತೀರಾ? ಬನ್ರವ್ವ, ಅಗಿಯನ.’

ಮೋರಿಯಿದ್ದ ಜಾಗದಲ್ಲೇ ರಸ್ತೆಯನ್ನು ಅಡ್ಡಲಾಗಿ ಕಡಿದೆವು. ಮಧ್ಯಾಹ್ನದೊಳಗೆ ನೀರು ಇಳಿಯಿತು. ಸಂಜೆಯೊಳಗೆ, ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದರೆಂದು ದೂರು ದಾಖಲಾಯಿತು.

ಠಾಣೆಯಲ್ಲಿ ಜೊತೆಗಾರರ ಹೆಸರು ಕೇಳಿದರು. ಆಕೆಯ ಪಕ್ಕದಲ್ಲಿ ಪಿಕಾಸಿ ಬೀಸಿದವಳು ನಾನು.

‘ನಾನೊಬ್ಳೆಯ,’ ಎಂದಳು ದೊಡ್ಡವ್ವ. ‘ಈ ಉಡುಗೀರ ಕೈಲಿ ಟಾರು ಒಡಿಯಕಾದದಾ? ಮೂವತ್ತೊರ್ಸ ಟಾರು ಹಾಕ್ದೋಳು, ನಾನೇ ಒಡ್ದೆ. ಬರ್‍ಕಳಿ.’

ಹೊರಗೆ ಬಂದಮೇಲೆ ನನ್ನನ್ನು ಗದರಿದಳು: ‘ಬಾಯ್ ಬುಡ್‌ಬ್ಯಾಡ. ನಿಂಗೆ ಕೆಲಸದ ಆರ್ಡರ್ ಬರೋ ಹೊತ್ತು. ಕೇಸು ನಂಗಿರ್ಲಿ, ಕಾಗ್ದ ಬರಿಯೋದು ನಿಂಗಿರ್ಲಿ.’

ನಾನು ಬಾಯಿ ಬಿಡಲಿಲ್ಲ. ಶಿಕ್ಷಕಿಯ ಕೆಲಸ ಸಿಕ್ಕಿತು. ಆಕೆ ಮಾತ್ರ ಕೋರ್ಟಿನ ದಿನಗಳಂದು ಒಗೆದ ಸೀರೆಯುಟ್ಟು, ಬಸ್ಸು ಹಿಡಿದು ಹೋಗಿ ಸಂಜೆಯವರೆಗೂ ಕಾದು ಬರುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ತೀರಿಕೊಂಡಳು, ಆರೋಪಿಯಾಗಿಯೇ. ಆಕೆ ಸತ್ತದ್ದರಿಂದ ಪ್ರಕರಣ ಮುಗಿಯಿತು. ಆಕೆ ಹೇಳಿದ್ದು ಸರಿಯಿತ್ತೆಂದು ಯಾವ ಕಾಗದದಲ್ಲೂ ಇಲ್ಲ. ನನ್ನ ಅಂದಿನ ಮೌನವೂ ಈ ಅನ್ಯಾಯಗಳ ಪಟ್ಟಿಗೆ ಸೇರಬೇಕು.

ಕಡಿದ ಜಾಗಕ್ಕೆ ಈಗ ಮತ್ತೆ ಮಣ್ಣು ತುಂಬಿ ಟಾರು ಬಳಿಯಲಾಗಿದೆ.

ರಸ್ತೆಯ ಅಧಿಕಾರಿಗಳೇ, ಈ ಮಳೆಗಾಲಕ್ಕೆ ಮುನ್ನ, ಅದೇ ಜಾಗದಲ್ಲಿ, ಹಳ್ಳದ ಪೂರ್ತಿ ಅಗಲಕ್ಕೆ ಮೋರಿ ಕಟ್ಟಿಸಿ. ಮೋರಿ ಮುಚ್ಚಿದ್ದು ತಪ್ಪೆಂದು ನಿಮ್ಮ ಕಡತದಲ್ಲಿ ಬರೆದು ಸಹಿ ಹಾಕಿ. ಕಟ್ಟಿಸದಿದ್ದರೆ ರಸ್ತೆಯನ್ನು ಮತ್ತೆ ಅಗೆಯುತ್ತೇವೆ. ಆಗ ದೂರಿನಲ್ಲಿ ಮೊದಲು ನನ್ನ ಹೆಸರು ಬರೆಯಿರಿ.